ಚಾನೆಲ್ಲಿಗೆ ತನ್ನ ಹೆಸರು ಹೇಳೋಕೂ ಪುರುಸೊತ್ತಿಲ್ವಾ?

ಸಂಪಾದಕರೇ, ನಮಸ್ಕಾರ.

ಸಂಜೆ ಮಂಡಕ್ಕಿ ಬಟ್ಟಲು ಹಿಡಿದು ಕೂತರೆ ನಮ್ಮ ಅವ್ವ ಈಗಲೂ ‘ಈಟಿವಿ ಹಾಕಪ್ಪಾ’ ಅನ್ನುತ್ತಾಳೆ. ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆಗಿದ್ದು 2015ರಲ್ಲಿ. ನಾವು ಮನೆಯವರೆಲ್ಲ ನಗುತ್ತೇವೆ. ಆದರೆ ತಪ್ಪು ಅವ್ವನದ್ದಲ್ಲ. ಈಗ ಯಾವ ಚಾನೆಲ್ ಆದರೂ ಅಷ್ಟೇ, ಒಂದು ಧಾರಾವಾಹಿಯ ಕೊನೆಯ ಅಳು ನಿಲ್ಲುವ ಮೊದಲೇ ಇನ್ನೊಂದರ ಜಗಳ ಶುರು, ನಡುವೆ ‘ನಾನು ಇಂಥ ಚಾನೆಲ್’ ಅಂತ ನೆಟ್ಟಗೆ ಹೇಳುವವರೇ ಇಲ್ಲ. ಮೂಲೆಯಲ್ಲಿರುವ ಪುಟ್ಟ ಲೋಗೋ ಅವ್ವನ ಕನ್ನಡಕಕ್ಕೆ ಕಾಣುವುದಿಲ್ಲ.

ದೂರದರ್ಶನದ ಕಣ್ಣು ನೆನಪಿದೆ ಅಲ್ವಾ? ಎರಡು ಬಾಗಿದ ಗೆರೆ ಸುತ್ತಿ ಸುತ್ತಿ ಬಂದು ನಡುವಿನ ಗುಂಡನ್ನು ತಬ್ಬಿಕೊಂಡು ಕಣ್ಣಾಗುತ್ತಿದ್ದವು. ಅದನ್ನು ಬರೆದವರು ದೊಡ್ಡ ಜಾಹೀರಾತು ಕಂಪನಿಯವರಲ್ಲ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇಬಾಶಿಸ್ ಭಟ್ಟಾಚಾರ್ಯ ಎಂಬ ಹುಡುಗ. ಪರದೆಗೆ ಬಂದಿದ್ದು 1976ರ ಏಪ್ರಿಲ್ 1ಕ್ಕೆ, ದೂರದರ್ಶನ ಆಕಾಶವಾಣಿಯಿಂದ ಬೇರೆ ಮನೆ ಮಾಡಿದ ದಿನ. ಕಂಪ್ಯೂಟರ್ ಇಲ್ಲದ ಕಾಲ ನೋಡಿ, ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗಿಟ್ಟು ತಿರುಗಿಸುತ್ತಾ ಶೂಟ್ ಮಾಡಿದ್ದಂತೆ. ಅದಕ್ಕೆ ಪಂಡಿತ್ ರವಿಶಂಕರ್ ರಾಗ, ಶಹನಾಯಿಯ ಅಲಿ ಅಹ್ಮದ್ ಹುಸೇನ್ ಖಾನ್ ಜೊತೆಗೂಡಿ ಕಟ್ಟಿದ್ದು.

ನನಗೆ ಆ ರಾಗ ಅಂದರೆ ಮಾಳಿಗೆ. ಆಂಟೆನಾ ತಿರುಗಿಸುವ ಕೆಲಸ ನನ್ನದು. ಬರೀ ಗುಂಯ್ ಅನ್ನುತ್ತಿದ್ದ ಟಿವಿಯಲ್ಲಿ ಆ ರಾಗ ತೇಲಿ ಬಂದರೆ ಕೆಳಗಿಂದ ‘ಬಂತು, ಬಂತು, ಅಲ್ಲೇ ಬಿಡು!’ ಅಂತ ಕೂಗು. 2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲೋಗೋ ಕೇಸರಿಯಾದಾಗ ಊರೆಲ್ಲ ಬಣ್ಣದ ಜಗಳ ಆಡಿತು. ರಾಗ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ, ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಜಾಗ ಇಲ್ಲ ಅನ್ನಬೇಡಿ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಅದರಲ್ಲಿ 2 ನಿಮಿಷ ಚಾನೆಲ್ಲಿನ ಸ್ವಂತ ಪ್ರಚಾರಕ್ಕೇ ಇದೆ. ಆ ಎರಡು ನಿಮಿಷವನ್ನೂ ‘ನಾಳೆ ಏನಾಗುತ್ತೆ’ ಅಂತ ಹೆದರಿಸುವ ಪ್ರೋಮೋಗಳೇ ನುಂಗುತ್ತವೆ. ಕಾರ್ಯಕ್ರಮಕ್ಕೂ ಕಾರ್ಯಕ್ರಮಕ್ಕೂ ನಡುವೆ ಐದೇ ಸೆಕೆಂಡು ಕೊಡಿ, ಕಿರುಚಾಟ ಬೇಡ, ಒಂದು ಸಣ್ಣ ರಾಗ, ಪರದೆ ತುಂಬ ಕನ್ನಡದಲ್ಲಿ ಹೆಸರು. ಬೇರೆಯವರು ಮಾಡದಿದ್ದರೆ ಚಂದನ ವಾಹಿನಿಯಾದರೂ ದಿನಕ್ಕೊಮ್ಮೆ ಆ ಹಳೇ ಕಣ್ಣನ್ನು ರಾಗದ ಸಮೇತ ಪೂರ್ತಿ ತೋರಿಸಲಿ. ಸಂಜೆ ಏಳರ ಹೊತ್ತಿಗಾದರೆ ಒಳ್ಳೆಯದು, ಅವ್ವ ಅಷ್ಟೊತ್ತಿಗೆ ಟಿವಿ ಮುಂದೆ ಇರುತ್ತಾಳೆ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ