ಎಂಟನೇ ತರಗತಿ ಪೋಷಕರ ಗಮನಕ್ಕೆ: ಬಂಡೆ ನೋಡುವ ಪ್ರವಾಸದ ವಿಚಾರ

ಆತ್ಮೀಯ ಪೋಷಕರೇ,

ನಮಸ್ಕಾರ. ಗೊರೂರಿನ ಬಂಡೆಗಳನ್ನು ನೋಡಿ ಬಂದ ಮಕ್ಕಳಲ್ಲಿ ಕೆಲವರು ಭಾನುವಾರ ಯಾರಿಗೂ ಹೇಳದೆ ಕಾಗೆಬಂಗಾರ (ಹೊಳೆಯುವ ಅಭ್ರಕ) ಹುಡುಕಲು ಕಲ್ಲು ಕ್ವಾರಿಗೆ ಇಳಿದದ್ದು ನಿಮ್ಮಷ್ಟೇ ನಮ್ಮನ್ನೂ ಗಾಬರಿಗೊಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ, ಸದ್ಯ. ಆದರೆ ಶಾಲೆ ಅವರನ್ನು ಯಾವ ಕ್ವಾರಿಗೂ ಕರೆದೊಯ್ದಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಶಿಕ್ಷಕರ ಜೊತೆ ನಿಂತು ನೋಡಿದ್ದು ಬಯಲಿನಲ್ಲಿ ತೆರೆದು ಬಿದ್ದಿರುವ ಬಂಡೆಗಳನ್ನು ಮಾತ್ರ.

ಸಭೆಯಲ್ಲಿ ನೀವು ಕೇಳಿದ್ದು ಬೇರೆಯೇ: ಕಲ್ಲು ನೋಡೋಕೆ ಒಂದು ದಿನದ ಪಾಠ ಹಾಳು ಮಾಡಬೇಕಿತ್ತಾ? ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಅಂದು ನಡೆದದ್ದೂ ಪಾಠವೇ. ಬಸ್ ಮಾಡಿಕೊಂಡು ಹೋಗಿ ನಾವು ನೋಡುವ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ನಮ್ಮ ಗೊರೂರಿನ ನೈಸ್ (gneiss) ಎಂಬ ಪಟ್ಟೆಗಲ್ಲಿಗೆ ಸುಮಾರು 330 ಕೋಟಿ. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಪೂರ್ತಿ ಕರಗದೆಯೂ ಮೆತ್ತಗಾಗಿ ಹರಿದಾಡಿದ ಕಲ್ಲು ಅದು. ಕಪ್ಪು ಬಿಳುಪು ಪಟ್ಟೆಗಳು ಸೀರೆಯ ನೆರಿಗೆಯಂತೆ ಮಡಿಚಿಕೊಂಡಿವೆ, ಕೆಲವೆಡೆ ಆ ಮಡಿಕೆಯೇ ಮತ್ತೆ ಮಡಿಚಿಕೊಂಡಿದೆ. ಒಬ್ಬ ಹುಡುಗಿ ಇದನ್ನು ನೋಡಿ, "ಹಾಗಾದರೆ ಇದಕ್ಕೆ ಎರಡು ಸಲ ಒತ್ತಡ ಬಿದ್ದಿದೆ ಅಲ್ವಾ ಸಾರ್?" ಎಂದಳು. ಪಟ್ಟೆಗಳನ್ನೆಲ್ಲ ಕತ್ತರಿಸಿಕೊಂಡು ಹೋದ ಬಿಳಿ ಎಳೆ ಅವುಗಳಿಗಿಂತ ಕಿರಿಯದು ಎಂದು ಇನ್ನೊಬ್ಬ ತಾನೇ ಕಂಡುಕೊಂಡ. ಕಾವಿಗೆ, ಒತ್ತಡಕ್ಕೆ ಹೀಗೆ ರೂಪ ಬದಲಿಸಿದ ಕಲ್ಲೇ ರೂಪಾಂತರ ಶಿಲೆ ಎಂದು ಹತ್ತು ಸಲ ಬರೆಸಿದರೂ ಬಾರದ ತಿಳಿವಳಿಕೆ ಇದು.

ಅದರ ಬದಲು ಬೇಲೂರು, ಹಳೇಬೀಡಿಗೆ ಹೋಗಬಹುದಿತ್ತು ಎಂದವರಿಗೆ: ಖಂಡಿತ ಹೋಗೋಣ. ಆ ಶಿಲ್ಪಗಳನ್ನು ಕೆತ್ತಿದ ಬಳಪದ ಕಲ್ಲೂ ರೂಪಾಂತರ ಶಿಲೆಯೇ. ಇದನ್ನು ಕಂಡ ಮಕ್ಕಳು ಅದನ್ನು ಇನ್ನೂ ಚೆನ್ನಾಗಿ ನೋಡುತ್ತಾರೆ.

ಹೀಗಾಗಿ ಹೊಳೆನರಸೀಪುರದ ಕಡೆಯ ಎರಡನೇ ಪ್ರವಾಸವನ್ನು ನಿಲ್ಲಿಸುವುದಿಲ್ಲ. ಅಲ್ಲಿನ ಪದರಗಲ್ಲುಗಳಲ್ಲಿ ಕೆಂಪು ಗಾರ್ನೆಟ್, ನೀಲಿ ಛಾಯೆಯ ಕಯನೈಟ್ ಕಾಣಸಿಗುತ್ತವೆ. ಕಲ್ಲು ಎಷ್ಟು ಆಳದಲ್ಲಿ ಬೆಂದಿತ್ತು ಎಂಬುದರ ಸುಳಿವನ್ನು ವಿಜ್ಞಾನಿಗಳು ಇಂಥ ಹರಳುಗಳಿಂದಲೇ ಪಡೆಯುತ್ತಾರೆ. ತಪ್ಪಿದ ಗಣಿತದ ಪಾಠವನ್ನು ಶನಿವಾರ ಮಾಡಿಸುತ್ತೇವೆ. ಮಗುವನ್ನು ಕಳುಹಿಸಲು ಮನಸ್ಸಿಲ್ಲದಿದ್ದರೆ ಒತ್ತಾಯವಿಲ್ಲ, ಆ ದಿನ ಶಾಲೆಯಲ್ಲಿ ತರಗತಿ ಇರುತ್ತದೆ. ಆದರೆ ಪ್ರವಾಸ ನಡೆಯುತ್ತದೆ.

ಇನ್ನು ಮುಂದೆ ಸುತ್ತಿಗೆ ತರುವಂತಿಲ್ಲ, ಬಂಡೆ ಒಡೆಯುವಂತಿಲ್ಲ, ಕಲ್ಲನ್ನು ಮನೆಗೆ ಒಯ್ಯುವಂತಿಲ್ಲ. ಕಾಗೆಬಂಗಾರಕ್ಕೆ ಎಷ್ಟು ಬೆಲೆ ಸಿಗುತ್ತದೆ ಎಂದು ಸಭೆ ಮುಗಿದ ಮೇಲೆ ವಿಚಾರಿಸಿದವರಿಗೂ ಇಲ್ಲೇ ಉತ್ತರಿಸಿಬಿಡುತ್ತೇನೆ: ಮಕ್ಕಳು ಜೇಬಿನಲ್ಲಿ ತಂದ ಚೂರುಗಳಿಗೆ ಏನೂ ಸಿಗುವುದಿಲ್ಲ.

ರಜಾದಿನಗಳಲ್ಲಿ ಮಕ್ಕಳು ಕ್ವಾರಿ ಕಡೆ ಹೋಗದಂತೆ ನೋಡಿಕೊಳ್ಳಿ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳುಹಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು