ಹಿರಿಯರ ತುರ್ತು ಆಪರೇಷನ್ ನಿಧಿಗೆ ಕೈಜೋಡಿಸಿ

ಭಕ್ತರಿಗೆಲ್ಲ ನಮಸ್ಕಾರ.

ನಮ್ಮ ದೇವಸ್ಥಾನದ ಬಾಗಿಲಲ್ಲಿ ಕೂತು ಹೂ ಕಟ್ಟುವ ಅಜ್ಜಿಯನ್ನು ನೀವೆಲ್ಲ ನೋಡಿರುತ್ತೀರಿ. ಮಂಡಿನೋವಿನ ಮಾತ್ರೆ ಅವರ ಎಲೆಅಡಿಕೆ ಚೀಲದಲ್ಲೇ ಇರುತ್ತಿತ್ತು. ಚೀಟಿ ಇಲ್ಲದೆ ಅಂಗಡಿಯಿಂದ ತಂದದ್ದು. ಎಷ್ಟೋ ದಿನ ಖಾಲಿ ಹೊಟ್ಟೆಗೇ ನುಂಗುತ್ತಿದ್ದರು. ಹೋದ ಮಳೆಗಾಲದಲ್ಲಿ ಒಂದು ಸಂಜೆ ಹೊಟ್ಟೆನೋವು ಅಂದರು. "ಗ್ಯಾಸ್ ಅಷ್ಟೇ ಕಣಪ್ಪಾ" ಅಂತ ಜೀರಿಗೆ ಕಷಾಯ ಕುಡಿದು ಮಲಗಿದರು. ಮಾರನೇ ರಾತ್ರಿ ಮಗ ಮುಟ್ಟಿ ನೋಡಿದರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು.

ಆ ಮಾತ್ರೆಗಳಿಂದ ಹೊಟ್ಟೆಯೊಳಗೆ ಆಗಿದ್ದ ಹುಣ್ಣು ತೂತಾಗಿತ್ತು. ಕಡಲೆಕಾಳಿಗಿಂತ ಚಿಕ್ಕ ತೂತಾದರೂ ಸಾಕು, ಆಮ್ಲ, ಉಂಡ ಅನ್ನ ಎಲ್ಲ ಸೋರಿ ನಂಜಾಗುತ್ತದೆ. ಆಮೇಲೆ ಹೆಚ್ಚಿನವರಿಗೆ ಆಪರೇಷನ್ನೇ ದಾರಿ. ಒಳಗೆ ತೊಳೆದು, ಹೊಟ್ಟೆಯಲ್ಲೇ ಇರುವ ಕೊಬ್ಬಿನ ಪದರವನ್ನು ತೂತಿನ ಮೇಲೆ ಕೂರಿಸಿ ಹೊಲಿಯುತ್ತಾರೆ. ವಯಸ್ಸಾದವರಿಗೆ ಎಷ್ಟೋ ಸಲ ನೋವೇ ಜೋರಾಗಿ ಗೊತ್ತಾಗುವುದಿಲ್ಲ, ಜ್ವರವೂ ಬರುವುದಿಲ್ಲ. ಹಾಗಾಗಿ ಮನೆಯಲ್ಲೇ ತಡವಾಗುತ್ತದೆ. ಡೆನ್ಮಾರ್ಕಿನ ವೈದ್ಯರು ಇಂಥ 2,600ಕ್ಕೂ ಜಾಸ್ತಿ ರೋಗಿಗಳ ದಾಖಲೆ ನೋಡಿದ್ದಾರೆ. ಆಸ್ಪತ್ರೆ ಸೇರಿದ ಮೇಲೂ ಆಪರೇಷನ್ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಶೇ. 2.4ರಷ್ಟು ಇಳಿಯುತ್ತಾ ಹೋಗಿತ್ತು.

ಆ ರಾತ್ರಿ ದುಡ್ಡಿಗಾಗಿ ಮಗ ಹೆಂಡತಿಯ ಕಿವಿಯೋಲೆ ಹಿಡಿದುಕೊಂಡು ಮೂರು ಮನೆ ಬಾಗಿಲು ತಟ್ಟಿದ. ಅಷ್ಟರಲ್ಲಿ ಎರಡು ಗಂಟೆ ಹೋಯಿತು. ಅಜ್ಜಿ ಉಳಿದರು, ಅದು ನಮ್ಮ ಪುಣ್ಯ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಅಲ್ವಾ, ಮತ್ತೆ ದುಡ್ಡು ಯಾಕೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ನಡುರಾತ್ರಿಯ ಬಾಡಿಗೆ ಕಾರು, ಜೊತೆಗಿದ್ದವರ ಊಟ, ಹದಿನೈದು ದಿನ ತಪ್ಪಿದ ಕೂಲಿ, ಇದನ್ನೆಲ್ಲ ಯಾವ ಕಾರ್ಡೂ ಕೊಡುವುದಿಲ್ಲ. ಎಪಿಎಲ್ ಕಾರ್ಡಿನ ಬಡವರ ಪಾಡು ಇನ್ನೂ ಕಷ್ಟ.

ಅದಕ್ಕೇ ದೇವಸ್ಥಾನದ ಟ್ರಸ್ಟಿನಿಂದ ಈ ನಿಧಿ. 50,000 ರೂಪಾಯಿ ಯಾವಾಗಲೂ ಕೈಯಲ್ಲಿ ಸಿದ್ಧ ಇರಬೇಕು ಅನ್ನುವುದು ನಮ್ಮ ಆಸೆ. ಅರ್ಜಿ ಬೇಡ, ಸಾಕ್ಷಿ ಬೇಡ. ಎಷ್ಟು ಹೊತ್ತಿಗೆ ಬಾಗಿಲು ತಟ್ಟಿದರೂ ಮೊದಲು ದುಡ್ಡು, ಲೆಕ್ಕ ಆಮೇಲೆ. ನೂರು ಕೊಟ್ಟರೂ ಸಂತೋಷ, ಸಾವಿರ ಕೊಟ್ಟರೂ ಸಂತೋಷ. ಕಚೇರಿಯಲ್ಲಿ ರಶೀದಿ ಪಡೆಯಿರಿ. ಖರ್ಚಿನ ವಿವರ ಪ್ರತಿ ಅಮಾವಾಸ್ಯೆಗೆ ಬೋರ್ಡಿನಲ್ಲಿ ಹಾಕುತ್ತೇವೆ.

ಇವತ್ತು ಮನೆಗೆ ಹೋದಾಗ ಅಜ್ಜ ಅಜ್ಜಿ ಯಾವ ನೋವಿನ ಮಾತ್ರೆ ನುಂಗುತ್ತಿದ್ದಾರೆ ಅಂತ ಒಂದು ಸಲ ನೋಡಿ, ಡಾಕ್ಟರಿಗೆ ತೋರಿಸಿ.