ಕೇಬಲ್ ಇಲ್ಲದೆ ಫೋನಿನ ಫೈಲು ಕಂಪ್ಯೂಟರಿಗೆ: ಸುಮಂತನಿಗೊಂದು ಪತ್ರ

ಚಿ. ಸುಮಂತನಿಗೆ ಆಶೀರ್ವಾದಗಳು.

ಫೋನ್ ಚಾರ್ಜ್ ಆಗುತ್ತದೆ, ಆದರೆ ಲ್ಯಾಪ್‌ಟಾಪಿಗೆ ಹಾಕಿದರೆ ಫೋಲ್ಡರ್ ತೆರೆಯುವುದಿಲ್ಲ ಎಂದು ಬರೆದಿದ್ದೀಯ. ಮೊದಲು ಬೇರೆ ಕೇಬಲ್ ಹಾಕಿ ನೋಡು. ಅಗ್ಗದ ಕೇಬಲ್ ಎಷ್ಟೋ ಸಲ ಚಾರ್ಜಿಗೆ ಮಾತ್ರ, ಡೇಟಾದ ತಂತಿ ಅದರೊಳಗೆ ಇರುವುದೇ ಇಲ್ಲ. ಕೇಬಲ್ ಹಾಕುವ ಪೋರ್ಟೇ ಕೆಟ್ಟಿದ್ದರೂ ಫೋಟೊ ತೆಗೆದುಕೊಳ್ಳುವುದಕ್ಕಾಗಿ ರಿಪೇರಿ ಅಂಗಡಿಗೆ ಓಡಬೇಡ, ಫೋನು, ಲ್ಯಾಪ್‌ಟಾಪು ಎರಡೂ ಒಂದೇ ವೈಫೈಯಲ್ಲಿದ್ದರೆ ಸಾಕು.

ನಿನ್ನ ಆಂಡ್ರಾಯ್ಡ್ ಫೋನಿಗೆ ಮೆಟೀರಿಯಲ್ ಫೈಲ್ಸ್ ಎಂಬ ಉಚಿತ ಆಪ್ ಹಾಕಿಕೊ. ಅದರ ಮೆನುವಿನಲ್ಲಿ ಎಫ್‌ಟಿಪಿ ಸರ್ವರ್ ಇದೆ. ಎಫ್‌ಟಿಪಿ ಎಂದರೆ ನೆಟ್‌ವರ್ಕ್ ಮೂಲಕ ಫೈಲು ಸಾಗಿಸುವ ಹಳೆಯ ವಿಧಾನ; ಸರ್ವರ್ ಎಂದರೆ ಫೋನಿನ ಫೈಲುಗಳನ್ನು ಲ್ಯಾಪ್‌ಟಾಪಿಗೆ ತೆರೆದಿಡುವ ಭಾಗ. ಆನ್ ಮಾಡುವ ಮೊದಲು ಅನಾನಿಮಸ್ ಲಾಗಿನ್ (ಹೆಸರು ಕೇಳದೆ ಯಾರನ್ನಾದರೂ ಒಳಬಿಡುವ ಆಯ್ಕೆ) ತೆಗೆದು ಹೆಸರು, ಪಾಸ್‌ವರ್ಡ್ ಕೊಡು. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. ಫೋನಿನಿಂದ ತೆಗೆದುಕೊಳ್ಳುವುದಷ್ಟೇ ಕೆಲಸವಾದರೆ ಬರೆಯುವ ಅನುಮತಿಯನ್ನೂ ಮುಚ್ಚಿಡು, ಕೈತಪ್ಪಿ ಡಿಲೀಟ್ ಆಗುವ ಭಯವಿರುವುದಿಲ್ಲ. ಆನ್ ಮಾಡಿದಾಗ 192.168.1.7 ಥರದ ವಿಳಾಸ, ಅದರ ಮುಂದೆ 2121 ಎಂಬ ಪೋರ್ಟ್ ಸಂಖ್ಯೆ ಕಾಣುತ್ತದೆ. ಈ ಪೋರ್ಟ್ ಕೇಬಲ್ ಹಾಕುವ ಜಾಗವಲ್ಲ, ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆಯಿದ್ದಂತೆ. ಎಫ್‌ಟಿಪಿಯ ವಾಡಿಕೆಯ ಪೋರ್ಟ್ 21. ಆದರೆ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಆಂಡ್ರಾಯ್ಡ್ ಸಾಮಾನ್ಯ ಆಪ್‌ಗಳಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಆ 2121 ಬಿಟ್ಟು ಟೈಪ್ ಮಾಡಿದರೆ ಏನೂ ತೆರೆಯದು.

ವಿಳಾಸವನ್ನು ಬ್ರೌಸರಿನಲ್ಲಿ ಹಾಕಬೇಡ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿ ಕೈಬಿಟ್ಟಿವೆ. ವಿಂಡೋಸ್ ಫೈಲ್ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರಿನಲ್ಲಿ ಹಾಕಿದರೆ ತೆರೆಯುತ್ತದೆ, ಆದರೆ ಅಲ್ಲಿ ಕನ್ನಡ ಹೆಸರಿನ ಫೈಲುಗಳು ಚಿತ್ರವಿಚಿತ್ರ ಗುರುತುಗಳಾಗಿ ಕಾಣಬಹುದು, ನಡುವೆ ಕಡಿದರೆ ಮತ್ತೆ ಮೊದಲಿಂದ ಶುರು. ಲ್ಯಾಪ್‌ಟಾಪಿಗೆ ಫೈಲ್‌ಜಿಲ್ಲಾ ಎಂಬ ಎಫ್‌ಟಿಪಿ ಪ್ರೋಗ್ರಾಂ ಹಾಕಿಕೊಳ್ಳುವುದೇ ಮೇಲು. ಅದರ ಟ್ರಾನ್ಸ್‌ಫರ್ ಮೆನುವಿನಲ್ಲಿ ಟೈಮ್‌ಸ್ಟ್ಯಾಂಪ್ (ಫೈಲಿನ ಮೂಲ ತಾರೀಖು, ಸಮಯ) ಉಳಿಸುವ ಆಯ್ಕೆಗೆ ಟಿಕ್ ಹಾಕು; ಇಲ್ಲದಿದ್ದರೆ ಹಳೆಯ ಫೋಟೊಗಳಿಗೆಲ್ಲ ಇವತ್ತಿನ ತಾರೀಖು ಬಿದ್ದು ತಾರೀಖಿನ ಪ್ರಕಾರ ಜೋಡಿಸುವುದೇ ತಲೆನೋವು.

ಕ್ಯಾಮೆರಾದ ಫೋಟೊಗಳು ಡಿಸಿಐಎಂ ಫೋಲ್ಡರಿನಲ್ಲಿರುತ್ತವೆ. ವಾಟ್ಸಾಪಿನವು ಆಂಡ್ರಾಯ್ಡ್ 11ರಿಂದೀಚೆಗೆ ಆಂಡ್ರಾಯ್ಡ್ ಫೋಲ್ಡರಿನ ಒಳಗೆ, ಮೀಡಿಯಾ ಎಂಬುದರಲ್ಲಿವೆ. ಪಕ್ಕದಲ್ಲೇ ಇರುವ ಡೇಟಾ ಫೋಲ್ಡರ್ ಖಾಲಿ ಕಂಡರೆ ಗಾಬರಿಯಾಗಬೇಡ, ಅದನ್ನು ಬೇರೆ ಆಪ್‌ಗಳಿಗೆ ಆಂಡ್ರಾಯ್ಡೇ ಮುಚ್ಚಿದೆ.

ದೊಡ್ಡ ವಿಡಿಯೊ ಅರ್ಧಕ್ಕೆ ನಿಂತರೆ ವೈಫೈಯನ್ನು ಬೈಯುವ ಮೊದಲು ಫೋನಿನ ಬ್ಯಾಟರಿ ಸೆಟ್ಟಿಂಗ್ ನೋಡು. ಸ್ಕ್ರೀನ್ ಆರಿದ ಮೇಲೆ ಹಿನ್ನೆಲೆಯ ಆಪ್‌ಗಳನ್ನು ನಿಲ್ಲಿಸುವ ಚಾಳಿ ಅನೇಕ ಫೋನುಗಳಿಗಿದೆ. ಈ ಆಪಿಗೆ ಬ್ಯಾಟರಿ ನಿರ್ಬಂಧ ತೆಗೆದುಬಿಡು. 2.4 ಗಿಗಾಹರ್ಟ್ಸ್ ಬದಲು 5 ಗಿಗಾಹರ್ಟ್ಸ್ ವೈಫೈ ಸಿಕ್ಕರೆ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ.

ಈಗ ನಿನ್ನ ಪಿಜಿಯ ವಿಚಾರ. ಫೋನು, ಲ್ಯಾಪ್‌ಟಾಪು ಎರಡೂ ಒಂದೇ ವೈಫೈಯಲ್ಲಿದ್ದು, ವಿಳಾಸವೂ ಸರಿಯಿದ್ದು ಸಂಪರ್ಕ ಸಿಗದಿದ್ದರೆ ನಿನ್ನ ತಪ್ಪಲ್ಲ. ಇಂಥ ಕಡೆ ರೂಟರ್ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆದಿರುತ್ತದೆ. ಸಿಕ್ಕರೂ ಅಲ್ಲಿ ಬಳಸಬೇಡ ಎಂದೇ ಹೇಳುತ್ತೇನೆ. ಎಫ್‌ಟಿಪಿಯಲ್ಲಿ ಪಾಸ್‌ವರ್ಡೂ ಫೈಲೂ ಗೂಢಲಿಪಿಯಿಲ್ಲದೆ, ನಡುವೆ ಇಣುಕುವವರಿಗೆ ಓದಲು ಬರುವಂತೆ ಹೋಗುತ್ತವೆ. ಹತ್ತಾರು ಜನರಿಗೆ ಒಂದೇ ವೈಫೈ ಪಾಸ್‌ವರ್ಡ್ ಗೊತ್ತಿರುವ ಜಾಗ ಅದಕ್ಕೆ ತಕ್ಕದ್ದಲ್ಲ. ಫೋನಿನಲ್ಲೇ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸು. ಮೊಬೈಲ್ ಡೇಟಾ ಆಫ್ ಇರಲಿ, ಫೈಲು ಸಾಗಿಸಲು ಇಂಟರ್ನೆಟ್ ಬೇಕಿಲ್ಲ. ಆನ್ ಇದ್ದರೆ ವಿಂಡೋಸ್ ಅಪ್‌ಡೇಟ್ ನಿನ್ನ ದಿನದ ಡೇಟಾವನ್ನೆಲ್ಲ ತಿಂದುಹಾಕೀತು. ಆಪ್ ವಿಳಾಸ ತೋರಿಸದಿದ್ದರೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ವಿವರದಲ್ಲಿ ಡೀಫಾಲ್ಟ್ ಗೇಟ್‌ವೇ ನೋಡು. ಹಾಟ್‌ಸ್ಪಾಟಿನಲ್ಲಿ ಅದೇ ಫೋನಿನ ವಿಳಾಸ.

ದಿನವೂ ಬೇಕಾಗುವ ಕೆಲಸವಾದರೆ ಟರ್ಮಕ್ಸ್ ಎಂಬ, ಫೋನಿನಲ್ಲಿ ಕಮಾಂಡು ಟೈಪ್ ಮಾಡುವ ಆಪಿನಲ್ಲಿ ಓಪನ್‌ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಪ್ರೋಗ್ರಾಂ ಹಾಕಿ, 8022ನೇ ಪೋರ್ಟಿನಲ್ಲಿ ಎಸ್‌ಎಫ್‌ಟಿಪಿ ಎಂಬ ಸುರಕ್ಷಿತ ವಿಧಾನ ಬಳಸಬಹುದು. ಎಲ್ಲವೂ ಗೂಢಲಿಪಿಯಲ್ಲಿ ಹೋಗುತ್ತದೆ, ಫೈಲ್‌ಜಿಲ್ಲಾಕ್ಕೂ ಅದು ಗೊತ್ತು. ಕಮಾಂಡುಗಳ ಅಭ್ಯಾಸ ಬೇಕು, ಅವಸರವಿಲ್ಲ.

ಕಟ್ ಮಾಡಿ ಪೇಸ್ಟ್ ಮಾಡುವುದಂತೂ ಬೇಡವೇ ಬೇಡ. ಕಾಪಿ ಮಾಡು, ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡು, ನಾಲ್ಕಾರು ವಿಡಿಯೊ ಕೊನೆಯವರೆಗೆ ಓಡಿಸಿ ನೋಡು. ಆಮೇಲೆ ಫೋನಿನಲ್ಲಿ ಅಳಿಸು. ಕೆಲಸ ಮುಗಿದ ಕೂಡಲೇ ಸರ್ವರ್ ಆಫ್ ಮಾಡು.

ಇತಿ,
ನಿನ್ನ ಸೋದರಮಾವ